ನೂರಕ್ಕೆ 58: ಕಲಬುರಗಿಯ ಅಸಿಸ್ಟೆಡ್ ಲಿವಿಂಗ್‌ನಲ್ಲಿ ಅಪ್ಪನ ಹತ್ತು ತಿಂಗಳು

ಹೋದ ಭಾನುವಾರ ಕೇಳಿದೆ, "ಅಪ್ಪಾ, ಈ ಜಾಗಕ್ಕ ನೂರಕ್ಕ ಎಷ್ಟ ಮಾರ್ಕ್ಸ್ ಕೊಡ್ತೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗ ಅವರ ಮಾತು ಬಾಯಿಗೆ ಬರೋದು ತಡ. ಆಮೇಲೆ ಹೇಳಿದರು, "ಐವತ್ತೆಂಟು. ರೊಟ್ಟಿ ದಿನಾ ಮಾಡಿದ್ರ ಅರವತ್ತೈದು ಕೊಡ್ತಿದ್ದೆ." 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಯಾರಿಗೂ ಸುಮ್ನೆ ಒಂದು ಮಾರ್ಕ್ ಕೊಟ್ಟವರಲ್ಲ, ಮಗಳಾದ ನನಗೂ ಕೊಟ್ಟಿಲ್ಲ. ನನ್ನನ್ನು ಕೇಳಿದರೆ ಐದಕ್ಕೆ ಮೂರೂವರೆ ಸ್ಟಾರ್.

ಜಾಗದ ಹೆಸರು ಹಾಕುತ್ತಿಲ್ಲ. ಕಾರಣ ಇಷ್ಟೇ: ಅಪ್ಪ ಇನ್ನೂ ಅಲ್ಲೇ ಇದ್ದಾರೆ, ನಾನು ಇಲ್ಲಿ ಬೈದದ್ದನ್ನು ಓದಿದವರೇ ನಾಳೆ ಬೆಳಿಗ್ಗೆ ಅವರ ಬಾಯಿಗೆ ಮಾತ್ರೆ ಹಾಕಬೇಕು. ರಿಂಗ್ ರೋಡ್ ದಾಟಿ ಹೊಸ ಲೇಔಟ್ ಒಂದರಲ್ಲಿ ಇದೆ, ಎರಡು ಅಂತಸ್ತು, 22 ಜನ ಹಿರಿಯರು. ಅಷ್ಟು ಸಾಕು.

ನಮ್ಮ ಕಥೆ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಅದು ಗೊತ್ತಿಲ್ಲದೆ ಈ ರಿವ್ಯೂ ನಿಮಗೆ ಉಪಯೋಗಕ್ಕೆ ಬರಲ್ಲ. ಅಪ್ಪನಿಗೆ 77. ಪಾರ್ಕಿನ್ಸನ್ ಅನ್ನೋ ನರದ ಕಾಯಿಲೆ ಶುರುವಾಗಿ ಆರು ವರ್ಷ. ಅವ್ವ ಹೋದ ಮೇಲೆ ಆಳಂದ ತಾಲ್ಲೂಕಿನ ಊರಲ್ಲಿ ಒಬ್ಬರೇ ಇದ್ದರು. ನಾನು ಬೀದರ್‌ನಲ್ಲಿ, ಸ್ಕೂಲ್ ಕೆಲಸ. ತಮ್ಮ ಪುಣೆಯಲ್ಲಿ. ಪುಣೆಗೆ ಕರೆದುಕೊಂಡು ಹೋಗಿದ್ದ, ಏಳನೇ ಮಹಡಿಯ ಫ್ಲಾಟು, ಹದಿನೈದು ದಿನಕ್ಕೆ "ನನ್ನ ಊರಿಗಿ ಬಿಡ್ರಿ" ಅಂತ ಹಟ ಹಿಡಿದರು. ನಮ್ಮ ಮನೆಗೆ ಬಂದಾಗ ನಾನೂ ನಮ್ಮವರೂ ಇಬ್ಬರೂ ಎಂಟಕ್ಕೆ ಮನೆ ಬಿಟ್ಟರೆ ಐದಕ್ಕೆ ಬರೋರು, ನಡುವೆ ಎರಡು ಸಲ ಬಿದ್ದರು. ಊರಲ್ಲೇ ನೋಡಿಕೊಳ್ಳೋಕೆ ಏಜೆನ್ಸಿ ಮೂಲಕ ಒಬ್ಬ ಹುಡುಗನನ್ನು ಇಟ್ಟೆವು. ಮೂರನೇ ದಿನ ಅವನ ಫೋನ್ ಸ್ವಿಚ್ ಆಫ್. ವೃದ್ಧಾಶ್ರಮವನ್ನೂ ವಿಚಾರಿಸಿದೆ. ಒಳ್ಳೆಯ ಜನ, ದುಡ್ಡೂ ಜಾಸ್ತಿ ಇಲ್ಲ, ಆದರೆ ಮೊದಲ ಪ್ರಶ್ನೆಯೇ, "ತಮ್ಮ ಕೆಲಸ ತಾವೇ ಮಾಡ್ಕೋತಾರೇನ್ರಿ?" ಮಾಡಿಕೊಳ್ಳೋದಾದರೆ ನಾನು ಯಾಕೆ ಹುಡುಕುತ್ತಿದ್ದೆ?

ಅಲ್ಲೇ ಗೊತ್ತಾಗಿದ್ದು ಅಸಿಸ್ಟೆಡ್ ಲಿವಿಂಗ್ ಅನ್ನೋದು ನಡುವಿನ ವಸ್ತು ಅಂತ. ಸ್ನಾನ, ಬಟ್ಟೆ, ಬಾತ್‌ರೂಮ್, ಮಾತ್ರೆ, ಇವಕ್ಕೆ ಕೈ ಕೊಡುತ್ತಾರೆ. ಉಳಿದದ್ದು ಅವರವರ ಪಾಡಿಗೆ. ಡಾಕ್ಟರ್ ವಾರಕ್ಕೆ ಒಂದು ಸಲ ಬಂದು ಬಿಪಿ, ಶುಗರ್ ನೋಡಿ ಹೋಗುತ್ತಾರೆ. ಐಸಿಯು, ಆಪರೇಷನ್ ಏನೂ ಇಲ್ಲ. ನೋಡಲು ಹೋದ ದಿನ ಮ್ಯಾನೇಜರ್ ಹೆಮ್ಮೆಯಿಂದ "ಜಯದೇವ ಹತ್ರಾನೇ ಐತ್ರಿ ಮೇಡಮ್" ಅಂದರು. ಸಂತೋಷ, ಆದರೆ ಅದು ಹೃದಯದ ಆಸ್ಪತ್ರೆ, ನಮ್ಮಪ್ಪನಿಗೆ ಬೇಕಾದದ್ದು ನರದ ಡಾಕ್ಟರ್. ಇಂಥ ಮಾತಿಗೆ ತಲೆ ಆಡಿಸಿ ಬರಬೇಡಿ, ನಿಮ್ಮವರಿಗೆ ಇರೋ ಕಾಯಿಲೆ ಯಾವುದೋ ಅದರ ಬಗ್ಗೆಯೇ ಕೇಳಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮೊದಲ ತಿಂಗಳು ನಾವು ಹೆಚ್ಚುಕಡಿಮೆ ಅಪ್ಪನನ್ನು ವಾಪಸ್ ಕರೆದುಕೊಂಡು ಬರುವವರಿದ್ದೆವು.

ಪಾರ್ಕಿನ್ಸನ್ ಅಂದ್ರೆ ಕೈ ನಡುಗೋದು ಅಂತ ಜನ ತಿಳಿದಿದ್ದಾರೆ. ನಡುಕಕ್ಕಿಂತ ಕಷ್ಟ ಮೈ ಬಿಗಿದುಕೊಳ್ಳೋದು. ಅದಕ್ಕೆ ಕೊಡೋ ಮಾತ್ರೆ ಲೆವೊಡೋಪಾ. ಅದರ ಜೋರು ಕೆಲವು ತಾಸು ಮಾತ್ರ, ಆಮೇಲೆ ಇಳಿದುಹೋಗುತ್ತದೆ, ಹಾಗಾಗಿ ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿಕೊಂಡು ಕೊಡಬೇಕು. ಜೊತೆಗೆ ಊಟಕ್ಕಿಂತ ಅರ್ಧ ತಾಸು ಮೊದಲು. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನೂ ಈ ಮಾತ್ರೆಯೂ ಹೊಟ್ಟೆಯಿಂದ ಮಿದುಳಿಗೆ ಹೋಗೋದು ಒಂದೇ ಬಸ್ಸಿನಲ್ಲಿ ಅಂತ ಇಟ್ಟುಕೊಳ್ಳಿ. ಬೇಳೆ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರೆ ಮಾತ್ರೆ ಸ್ಟ್ಯಾಂಡಿನಲ್ಲೇ ನಿಲ್ಲುತ್ತದೆ. ಅದಕ್ಕೇ ನಮ್ಮ ಡಾಕ್ಟರ್ ಬೇಳೆಯನ್ನು ಆದಷ್ಟು ರಾತ್ರಿ ಊಟಕ್ಕೆ ಇಡಿ ಅಂದಿದ್ದರು. ತೊಗರಿ ನಾಡಲ್ಲಿ ಇದ್ದುಕೊಂಡು ಮಧ್ಯಾಹ್ನ ಬೇಳೆ ತಿನ್ನಬೇಡಿ ಅಂದರೆ ಅಪ್ಪ ಕೇಳುತ್ತಾರಾ, ಅದು ಬೇರೆ ಮಾತು.

ಇದನ್ನೆಲ್ಲ ಸೇರಿಸುವಾಗಲೇ ಬರೆದು ಕೊಟ್ಟಿದ್ದೆ. ಹದಿನೆಂಟು ದಿನ ಬಿಟ್ಟು ಹೇಳದೆ ಕೇಳದೆ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಟ್ಟಿಗೆ ಹಾಗೆ ಕೂತಿದ್ದರು. ಬಾಯಿಯ ಬದಿಯಲ್ಲಿ ಜೊಲ್ಲು. ನನ್ನ ಕಡೆ ತಿರುಗಲೂ ಆಗುತ್ತಿಲ್ಲ, ಕಣ್ಣು ಮಾತ್ರ ತಿರುಗಿತು. ಸಿಸ್ಟರ್‌ನ ಕೇಳಿದರೆ, "ಮಾತ್ರಿ ಕೊಟ್ಟೇವ್ರಿ ಅಕ್ಕಾ, ಟಿಫಿನ್ ಆದ ಮ್ಯಾಲ." ಹತ್ತಕ್ಕೆ! ಉಪ್ಪಿಟ್ಟು, ಒಂದು ಲೋಟ ಹಾಲು ಕೊಟ್ಟು, ಅದರ ಮೇಲೆ. ಏಳಕ್ಕೆ ಕೊಡಬೇಕಾದ ಮಾತ್ರೆ. ಅಲ್ಲಿಯ ಪದ್ಧತಿಯೇ ಹಾಗಂತೆ. ಒಂದು ಟ್ರೇ, 22 ಸಣ್ಣ ಡಬ್ಬಿ, ಟಿಫಿನ್ ಮುಗಿದ ಮೇಲೆ ಒಬ್ಬರು ಎಲ್ಲರಿಗೂ ಹಂಚಿಕೊಂಡು ಹೋಗೋದು. ಮಿಕ್ಕ ಮಾತ್ರೆಗಳಿಗೆ ಅದು ನಡೆಯಬಹುದೇನೋ. ಇದಕ್ಕೆ ನಡೆಯಲ್ಲ.

ಜಗಳ ಆಯಿತು, ಸುಳ್ಳು ಹೇಳಲ್ಲ. ಮ್ಯಾನೇಜರ್ "ಒಬ್ಬೊಬ್ಬರಿಗಿ ಒಂದೊಂದ್ ಟೈಮ್ ಹೆಂಗ್ ಮಾಡ್ಲಿಕ್ಕಿ ಬರ್ತದ್ರಿ" ಅಂದರು. ನಾನು ಅವರ ಬ್ರೋಷರ್‌ನೇ ತೆಗೆದು ತೋರಿಸಿದೆ, ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಪ್ರತಿಯೊಬ್ಬರಿಗೂ ಪ್ರತ್ಯೇಕ ಆರೈಕೆ' ಅಂತ ಹಾಕಿದ್ದಾರೆ. ಕೊನೆಗೆ ದಾರಿ ತೋರಿಸಿದ್ದು ಸುರಪುರ ಕಡೆಯ ಒಬ್ಬ ಹುಡುಗ, ಅಪ್ಪನನ್ನು ನೋಡಿಕೊಳ್ಳೋನು. ತನ್ನ ಮೊಬೈಲಿನಲ್ಲಿ ನಾಲ್ಕು ಅಲಾರಂ ಇಟ್ಟುಕೊಂಡ. ಬೆಳಿಗ್ಗೆ ಏಳರ ಅಲಾರಂ ಕೂಗಿದರೆ ಈಗ ಅಪ್ಪ ತಾವೇ ಬಾಯಿ ತೆರೆಯುತ್ತಾರಂತೆ. ಅವನಿಗೆ ರಜೆ ಇದ್ದ ದಿನ? ಅದಕ್ಕೂ ಗುದ್ದಾಡಿ, ನರ್ಸಿಂಗ್ ಟೇಬಲ್ ಮೇಲೆ ಇನ್ನೊಂದು ಗಡಿಯಾರ, ಗೋಡೆಗೆ ಅಪ್ಪನ ಹೆಸರಿನ ಚೀಟಿ ಹಚ್ಚಿಸಿದೆ. ಈಗ ಆ ಚೀಟಿ ಪಕ್ಕ ಇನ್ನೂ ಮೂವರದ್ದು ಬಂದಿದೆ.

ಹತ್ತು ತಿಂಗಳಲ್ಲಿ ನನಗೆ ತಿಳಿದದ್ದು ಇದೇ. ಇಂಥ ಜಾಗ ನಡೆಯೋದು ಎಲ್ಲರಿಗೂ ಒಂದೇ ಗಂಟೆಯ ಮೇಲೆ. ನಿಮ್ಮವರ ಮೈ ಆ ಗಂಟೆಗೆ ಹೊಂದದಿದ್ದರೆ ಗಂಟೆಯನ್ನು ಬಗ್ಗಿಸಬೇಕು. ಬಗ್ಗುತ್ತದೆ, ಆದರೆ ತಾನಾಗಿ ಅಲ್ಲ, ಯಾರಾದರೂ ಹೋಗಿ ನಿಂತುಕೊಳ್ಳಬೇಕು. ದುಡ್ಡು ಕಟ್ಟಿ ಮರೆತುಬಿಡೋ ವ್ಯವಸ್ಥೆ ಅಂತ ತಿಳಿದು ಹೋಗಬೇಡಿ.

ಒಳ್ಳೆಯದನ್ನೂ ಹೇಳಬೇಕಲ್ವಾ. ಅದೇ ಹುಡುಗನ ಇನ್ನೊಂದು ಕೆಲಸ ನೋಡಿ ನಾನು ದಂಗಾದೆ. ಈ ಕಾಯಿಲೆಯಲ್ಲಿ ನಡೆಯುತ್ತಾ ನಡೆಯುತ್ತಾ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ, ಅದರಲ್ಲೂ ಬಾಗಿಲ ಹತ್ತಿರ. ಬಾತ್‌ರೂಮ್ ಬಾಗಿಲಲ್ಲಿ ಅಪ್ಪ ಐದೈದು ನಿಮಿಷ ನಿಲ್ಲುತ್ತಿದ್ದರು, ಹಿಂದಿನಿಂದ ನೂಕಿದರೆ ಬೀಳೋದೇ ಗತಿ. ಫಿಜಿಯೋಥೆರಪಿಯವರು ಒಂದು ದಿನ ನೆಲದ ಮೇಲೆ ಗೆರೆ ಇದ್ದರೆ ಅದನ್ನು ದಾಟುತ್ತಾರೆ ಅಂದರಂತೆ. ಈ ಹುಡುಗ ಅಂದೇ ಸಂಜೆ ಹಳದಿ ಟೇಪ್ ತಂದು ಮಂಚದಿಂದ ಬಾತ್‌ರೂಮಿನ ತನಕ ಒಂದೊಂದು ಹೆಜ್ಜೆಗೆ ಒಂದೊಂದು ಪಟ್ಟಿ ಅಂಟಿಸಿದ. ಅಪ್ಪ ಈಗ ಪಟ್ಟಿ ನೋಡಿ "ಒಂದ್, ಎರಡ್, ಮೂರ್" ಅಂತ ಎಣಿಸಿಕೊಂಡು ಕಾಲೆತ್ತಿ ದಾಟುತ್ತಾರೆ. ಒಟ್ಟು ಹನ್ನೊಂದು ಪಟ್ಟಿ. ನೆಲ ಒರೆಸಿ ಒರೆಸಿ ನಾಲ್ಕನೆಯದು ಕಿತ್ತುಹೋದಾಗ "ನಾಲ್ಕ್ ಎಲ್ಲಿ ಹೋತು?" ಅಂತ ನಿಂತುಬಿಟ್ಟಿದ್ದರಂತೆ. ಗಣಿತದ ಮೇಷ್ಟ್ರು!

ಇಷ್ಟು ತಲೆ ಓಡಿಸೋ ಹುಡುಗನಿಗೆ ಅಲ್ಲಿ ಎಷ್ಟು ಸಂಬಳ ಅಂತ ಕೇಳಬೇಡಿ, ನನಗೆ ಹೇಳೋಕೆ ನಾಚಿಕೆ.

ರಾತ್ರಿಯ ವಿಷಯ. ಹಗಲು ಆರು ಜನ ಇರುತ್ತಾರೆ, ರಾತ್ರಿ ಇಬ್ಬರು, ಕೆಳಗೆ ಒಬ್ಬರು, ಮೇಲೆ ಒಬ್ಬರು. ದಸರಾ ಹೊತ್ತಿಗೆ ಒಂದು ರಾತ್ರಿ ಎರಡೂವರೆಗೆ ಅಪ್ಪ ಮಂಚದಿಂದ ಇಳಿಯಲು ಹೋಗಿ ಬಿದ್ದರು. ಮೂಳೆ ಮುರಿಯಲಿಲ್ಲ, ಹುಬ್ಬಿನ ಮೇಲೆ ಸೀಳಿತು. ಬೀಳೋದು ಮನೆಯಲ್ಲೂ ಆಗುತ್ತದೆ, ಅದಕ್ಕೆ ನಾನು ಬೈಯಲ್ಲ. ನನಗೆ ಫೋನ್ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ, ಸಿಟ್ಟು ಅದಕ್ಕೆ. "ನಿಮ್ಮ ನಿದ್ದಿ ಯಾಕ್ ಕೆಡಿಸ್ಬೇಕಂತ್ರಿ" ಅಂದರು. ನಿದ್ದೆ ಕೆಡಿಸಿ ಅಂತ ಈಗ ಬರೆಸಿ ಸಹಿ ಮಾಡಿಸಿಕೊಂಡಿದ್ದೇನೆ.

ಊಟ. ವಾರಕ್ಕೆ ನಾಲ್ಕು ದಿನ ಚಪಾತಿ, ಉಳಿದ ದಿನ ಜೋಳದ ರೊಟ್ಟಿ, ಅನ್ನ ಸಾರು ದಿನಾ. ರೊಟ್ಟಿ ಬಡಿಯೋ ಅಕ್ಕ ಒಬ್ಬರೇ, 22 ಜನಕ್ಕೆ ದಿನಾ ಬಡಿಯಲು ಅವರ ಕೈಯಲ್ಲಿ ಆಗಲ್ಲ, ನ್ಯಾಯವೇ. ಅಪ್ಪನಿಗೆ ನುಂಗೋದು ಕಷ್ಟ, ಕಡಕ್ ರೊಟ್ಟಿ ಅಂತೂ ಮುಟ್ಟೋ ಹಾಗಿಲ್ಲ. ಆ ಅಕ್ಕ ಬಿಸಿ ರೊಟ್ಟಿ ಮುರಿದು, ಬೆಳ್ಳುಳ್ಳಿ ಜೀರಿಗೆ ಎಣ್ಣೆ ಹಾಕಿ ಕುಟ್ಟಿ ಮುಟಗಿ ಮಾಡಿ, ಮೇಲೆ ಸ್ವಲ್ಪ ಸಾರು ಹಾಕಿ ಮೆತ್ತಗೆ ಮಾಡಿ ಕೊಡುತ್ತಾರೆ. ಖಾರ ಕಡಿಮೆ. ಅದನ್ನು ತಿನ್ನುವಾಗ ಅಪ್ಪನ ಮುಖ ನೋಡಬೇಕು. ಎಳ್ಳ ಅಮಾವಾಸ್ಯೆಗೆ ನಾನೇ ಸಜ್ಜಿ ರೊಟ್ಟಿ, ಭಜ್ಜಿ ಮಾಡಿಕೊಂಡು ಹೋಗಿದ್ದೆ. ಭಜ್ಜಿ ಅಂದ್ರೆ ಗೊತ್ತಲ್ಲ, ಹಸಿ ಕಡಲೆ, ತೊಗರಿ, ವಟಾಣಿ, ಅವರೆ, ಎಲ್ಲ ಕಾಳೂ ಅದರಲ್ಲೇ. ಎರಡು ಸಲ ಹಾಕಿಸಿಕೊಂಡರು. ಮಧ್ಯಾಹ್ನದ ಮಾತ್ರೆ ಹಿಡಿಯಲೇ ಇಲ್ಲ, ಸಂಜೆ ತನಕ ಬಿಗಿದುಕೊಂಡಿದ್ದರು. ಡಾಕ್ಟರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಮುಂದಿನ ವರ್ಷವೂ ಒಯ್ಯುತ್ತೇನೆ.

ಜೊತೆಗಾರರ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು. ಅಪ್ಪನ ರೂಮಿನಲ್ಲಿ ಇನ್ನೊಬ್ಬರು ಬಟ್ಟೆ ಅಂಗಡಿ ಇಟ್ಟಿದ್ದ ಚಾಚಾ. ಕಣ್ಣು ಸರಿಯಾಗಿ ಕಾಣಲ್ಲ, ಮಾತು ಮಾತ್ರ ಜೋರು. ಅಪ್ಪನಿಗೆ ಮಾತು ತಡ, ಕಣ್ಣು ಚೆನ್ನಾಗಿದೆ. ಪೇಪರ್ ಬಂದರೆ ಅಪ್ಪ ಹೆಡ್‌ಲೈನ್ ಓದೋದು, ಚಾಚಾ ಅದರ ಮೇಲೆ ಭಾಷಣ ಮಾಡೋದು, ಅರ್ಧ ಕನ್ನಡ, ಅರ್ಧ ದಖನಿ. "ಮಾಸ್ತರ್ ಸಾಬ್, ಆಗೇ ಪಢೋ" ಅಂತ ಅವರು ಕೂಗೋದು ಗೇಟಿನ ತನಕ ಕೇಳುತ್ತದೆ. ಆರಂಭದಲ್ಲಿ ಸಿಬ್ಬಂದಿ ಎಲ್ಲ ಗಂಡಸರನ್ನೂ ಮುತ್ತ್ಯಾ, ಅಂದ್ರೆ ಅಜ್ಜ, ಅನ್ನುತ್ತಿದ್ದರು. ಪ್ರೀತಿಯಿಂದಲೇ, ಆದರೆ ಅಪ್ಪನಿಗೆ ಸಿಟ್ಟು, ಕರೆದರೆ ತಿರುಗುತ್ತಲೇ ಇರಲಿಲ್ಲ. ಚಾಚಾನ ದೆಸೆಯಿಂದ ಈಗ ಅಡುಗೆಯವರಿಂದ ಹಿಡಿದು ವಾಚ್‌ಮನ್ ತನಕ ಎಲ್ಲರಿಗೂ ಮಾಸ್ತರ್.

ನವೆಂಬರ್‌ನಲ್ಲಿ ಪೆನ್ಷನ್‌ಗೆ ಜೀವಂತ ಇದ್ದಾರೆ ಅನ್ನೋ ಪ್ರಮಾಣಪತ್ರ ಕೊಡಬೇಕಲ್ವಾ, ಅದಕ್ಕೆ ಬ್ಯಾಂಕಿಗೆ ಎತ್ತಿಕೊಂಡು ಹೋಗೋದು ತಪ್ಪಿತು. ಅಲ್ಲಿಯ ಆಫೀಸ್ ಹುಡುಗಿ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಿಸಿದಳು. ಮುಖ ಹಿಡಿದ ಮೇಲೆ ಅದು ಕಣ್ಣು ಮಿಟುಕಿಸಿ ಅನ್ನುತ್ತದೆ. ಪಾರ್ಕಿನ್ಸನ್ ಇದ್ದವರು ಕಣ್ಣು ಮಿಟುಕಿಸೋದೇ ಕಡಿಮೆ! ಆ್ಯಪ್ ಕೇಳುತ್ತಿದೆ, ಅಪ್ಪ ನೆಟ್ಟ ನೋಟದಲ್ಲಿ ಅದನ್ನೇ ನೋಡುತ್ತಿದ್ದಾರೆ, ಆ್ಯಪ್ ಮತ್ತೆ ಕೇಳುತ್ತಿದೆ. ಐದನೇ ಸಲ ಸಿಸ್ಟರ್ ಪಕ್ಕದಿಂದ ಬಗ್ಗಿ ಕಣ್ಣಿಗೆ ಫೂ ಅಂತ ಊದಿದರು, ಕಣ್ಣು ಮಿಟುಕಿತು, ನಮ್ಮಪ್ಪ ಜೀವಂತ ಇದ್ದಾರೆ ಅಂತ ಸರ್ಕಾರಕ್ಕೆ ಖಾತ್ರಿ ಆಯಿತು.

ದುಡ್ಡಿನ ಮಾತು. ಇಬ್ಬರ ರೂಮಿಗೆ ತಿಂಗಳಿಗೆ ₹24,000, ಒಬ್ಬರೇ ಇರೋದಾದರೆ ₹32,000. ಡೆಪಾಸಿಟ್ ₹75,000. ಆದರೆ ಹೇಳೋ ರೇಟು ಬೇರೆ, ಕೊಡೋ ದುಡ್ಡು ಬೇರೆ. ಡೈಪರ್, ಮಾತ್ರೆ, ಫಿಜಿಯೋಥೆರಪಿ, ಆಸ್ಪತ್ರೆಗೆ ಹೋದರೆ ಗಾಡಿ, ಎಲ್ಲ ಸೇರಿ ನಮಗೆ 30 ಸಾವಿರದ ಹತ್ತಿರ ಹೋಗುತ್ತದೆ. ಅಪ್ಪನ ಪೆನ್ಷನ್‌ನಲ್ಲಿ ನಡೆಯುತ್ತದೆ. ಪೆನ್ಷನ್ ಇಲ್ಲದ ಮನೆಯವರಿಗೆ ಇದು ಸುಲಭದ ಮಾತಲ್ಲ. ಬಿಲ್ ತೆಗೆದುಕೊಳ್ಳುವಾಗ ಚಿಕಿತ್ಸೆಯ ಖರ್ಚು ಬೇರೆ, ರೂಮು ಊಟ ಬೇರೆ ಅಂತ ಬರೆಸಿಕೊಳ್ಳಿ. ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಒಂದು ವಿನಾಯಿತಿ ಇದೆ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದರ ಹೆಸರು 80ಡಿಡಿಬಿ, ಹಿರಿಯರ ಚಿಕಿತ್ಸೆಗೆ ₹1 ಲಕ್ಷದ ತನಕ. ಡಿಮೆನ್ಷಿಯಾ (ಮರೆವಿನ ಕಾಯಿಲೆ), ಪಾರ್ಕಿನ್ಸನ್ ಎರಡೂ ಅದರಲ್ಲಿ ಬರುತ್ತವೆ, ಆದರೆ ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಅಂತ ಡಾಕ್ಟರ್ ಬರೆದಿರಬೇಕು. ನಮ್ಮಪ್ಪನ ಪೆನ್ಷನ್‌ಗೆ ಹೇಗೂ ತೆರಿಗೆ ಬರಲ್ಲ, ನಮಗೆ ಉಪಯೋಗ ಆಗಲಿಲ್ಲ.

ಈಗ ಬೈಗುಳ ಮುಗಿಸಿಬಿಡುತ್ತೇನೆ. ಹೋಳಿ ಆದ ಮೇಲೆ ಅಪ್ಪನ ಜಾತ್ರೆ ಬಂದರೆ, ನಮ್ಮಪ್ಪನದ್ದಲ್ಲ, ಶರಣಬಸವೇಶ್ವರರದ್ದು, ಅರ್ಧಕ್ಕರ್ಧ ಸಿಬ್ಬಂದಿ ಗಾಯಬ್. ತೇರು ಎಳೆಯಲು ಹೋಗಲಿ, ಯಾರು ಬೇಡ ಅಂತಾರೆ, ಆದರೆ ಬದಲಿ ಜನ ಇಡಬೇಕು ತಾನೇ? ಆ ನಾಲ್ಕು ದಿನದಲ್ಲಿ ಅಪ್ಪನಿಗೆ ಸ್ನಾನ ಆದದ್ದು ಒಂದೇ ಸಲ. ಮತ್ತೆ ಈ ಬಿಸಿಲು. ಏಪ್ರಿಲ್‌ನಲ್ಲಿ ಕಲಬುರಗಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೇಲಿನ ಅಂತಸ್ತು ಕಾದ ಹಂಚು. ರೂಮಿಗೊಂದು ಕೂಲರ್ ಇದೆ, ಆದರೆ ಕರೆಂಟ್ ಹೋದರೆ ಜನರೇಟರ್‌ನಲ್ಲಿ ಲೈಟು ಫ್ಯಾನ್ ಮಾತ್ರ. ಸೇರಿಸುವಾಗ ಜೂನ್, ಮಳೆ ಬಂದು ತಂಪಾಗಿತ್ತು, ಇದನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನೀವು ಕೆಳಗಿನ ರೂಮೇ ಕೇಳಿ, ಬೇಸಿಗೆಯಲ್ಲೇ ಹೋಗಿ ನೋಡಿ. ಬಾತ್‌ರೂಮ್ ಮಾತ್ರ ಒಳ್ಳೆಯದು, ಗೋಡೆಗೆ ಹಿಡಿಕೆ ಇದೆ, ನೆಲ ಜಾರಲ್ಲ, ಗಾಲಿಕುರ್ಚಿ ಒಳಗೆ ತಿರುಗುತ್ತದೆ. ವರಾಂಡದಲ್ಲಿ ಹಿರಿಯರ ಸಹಾಯವಾಣಿ 14567 ಅಂತ ದೊಡ್ಡದಾಗಿ ಬರೆದಿದ್ದಾರೆ. ತಮ್ಮ ಮೇಲೇ ದೂರು ಹೇಳೋ ನಂಬರ್ ಗೋಡೆಗೆ ಹಚ್ಚೋ ಧೈರ್ಯ ಇದೆ ಅಂತ ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಊರಿನವರು ಏನಂದರು ಅಂತ ಕೇಳುತ್ತೀರಾ? ಅಂದರು. ದೊಡ್ಡಮ್ಮ "ಮಾಸ್ತರಗ ವೃದ್ಧಾಶ್ರಮಕ್ಕ ಹಾಕ್ಯಾರ" ಅಂತ ಇಡೀ ಓಣಿಗೆ ಸಾರಿದರು. ಒಬ್ಬ ಕಾಕಾ ಕಾನೂನು ತಂದರು, ತಂದೆ ತಾಯಿ ನೋಡದ ಮಕ್ಕಳ ಮೇಲೆ ಕೇಸ್ ಆಗುತ್ತದೆ ಅಂತ. ಹೌದು, 2007ರ ಕಾಯ್ದೆ ಇದೆ, ಬಿಟ್ಟುಹೋದ ಮಕ್ಕಳ ಮೇಲೆ ಹಿರಿಯರು ಎಸಿ (ಅಸಿಸ್ಟೆಂಟ್ ಕಮಿಷನರ್) ಸಾಹೇಬರ ಮುಂದೆ ಅರ್ಜಿ ಹಾಕಿ ತಿಂಗಳಿಗೆ ₹10,000ದ ತನಕ ಜೀವನಾಂಶ ಕೇಳಬಹುದು. ಅದು ಬಿಟ್ಟುಹೋದವರಿಗೆ. ನಾನು ಹದಿನೈದು ದಿನಕ್ಕೊಮ್ಮೆ ಬೀದರ್‌ನಿಂದ ಬಸ್ ಹತ್ತಿ, ಹುಮನಾಬಾದ್ ದಾಟಿ, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು, ಹತ್ತಿರ ಹತ್ತಿರ ಮೂರು ತಾಸು ಕೂತು ಬರುತ್ತೇನೆ. ದೊಡ್ಡಮ್ಮ ಈಗ ತಮ್ಮ ಮಂಡಿ ನೋವಿಗೆ ಅಲ್ಲಿಯ ರೇಟು ಕೇಳುತ್ತಿದ್ದಾರೆ.

ಯಾರಿಗೆ ಆಗಿಬರುತ್ತದೆ? ಎದ್ದು ಕೂರಲು ಕೈ ಬೇಕು, ಆದರೆ ಹೇಳಿದ್ದು ತಿಳಿಯುತ್ತದೆ, ನೋಡಲು ತಿಂಗಳಿಗೆ ಎರಡು ಸಲ ಬರೋರು ಒಬ್ಬರಿದ್ದಾರೆ ಅನ್ನೋ ಮನೆಗೆ ಆಗುತ್ತದೆ. ಪೂರ್ತಿ ಹಾಸಿಗೆ ಹಿಡಿದವರಿಗೆ ನಾನು ಹೇಳಲ್ಲ. ಮಲಗಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ರಾತ್ರಿ ಒಬ್ಬರೇ ಇರೋ ಅಂತಸ್ತಿನಲ್ಲಿ ಅದು ಹೇಗೆ ಸಾಧ್ಯ ಅಂತ ನೀವೇ ಲೆಕ್ಕ ಹಾಕಿ. ಮರೆವು ಜಾಸ್ತಿಯಾಗಿ ಗೇಟು ದಾಟಿ ಹೋಗೋರಿಗೂ ಇದು ಬೇಡ, ವಾಚ್‌ಮನ್ ಮಧ್ಯಾಹ್ನ ನಿದ್ದೆ ಮಾಡುತ್ತಾನೆ, ನಾನೇ ಎರಡು ಸಲ ನೋಡಿದ್ದೇನೆ.

ಕರಾರು ಇಂಗ್ಲಿಷಿನಲ್ಲಿದೆ, ಹನ್ನೊಂದು ಪುಟ. ಕನ್ನಡದಲ್ಲಿ ಕೊಡಿ ಅಂದರೆ "ಮಾಡಸ್ಲಿಕ್ಕತ್ತೇವ್ರಿ" ಅಂತ ಹತ್ತು ತಿಂಗಳಿಂದ ಅನ್ನುತ್ತಿದ್ದಾರೆ. ಹೋದ ಭಾನುವಾರ ಇನ್ನೊಂದು ವರ್ಷಕ್ಕೆ ಸಹಿ ಮಾಡಿ ಬಂದೆ. ಕೊನೆ ಪುಟದ ಖಾಲಿ ಜಾಗದಲ್ಲಿ ನಾನೇ ಪೆನ್ನಿನಿಂದ ಕನ್ನಡದಲ್ಲಿ ಮೂರು ಸಾಲು ಬರೆದೆ: ಮಾತ್ರೆ ಚೀಟಿಯ ಸಮಯಕ್ಕೇ ಕೊಡಬೇಕು, ಬಿದ್ದರೆ ಯಾವ ಹೊತ್ತಾದರೂ ಆಗಲೇ ಫೋನ್ ಮಾಡಬೇಕು, ಮೇ ತಿಂಗಳೊಳಗೆ ಕೆಳಗಿನ ರೂಮ್ ಕೊಡಬೇಕು, ಚಾಚಾನೂ ಜೊತೆಗೆ. ಮ್ಯಾನೇಜರ್ ಓದಿ, ನಕ್ಕು, ಸೀಲ್ ಹಾಕಿದರು. ಅಪ್ಪನ ಸಹಿ ಈಗ ಇರುವೆ ಸಾಲಿನಷ್ಟು ಸಣ್ಣ. ಹಾಕಿ ಮುಗಿಸಿ, ಪೆನ್ನು ಕೈಯಲ್ಲೇ ಹಿಡಿದುಕೊಂಡು ನಾನು ಬರೆದದ್ದನ್ನು ಓದಿದರು. ಎರಡನೇ ಸಾಲಿನಲ್ಲಿ ಒಂದು ಒತ್ತು ಬಿಟ್ಟಿದ್ದೆ. ತಿದ್ದಿ ಕೊಟ್ಟರು.